ಮಸಿ ನುಡಿಯುವ ಸಾಕ್ಷ್ಯ: ಮಂಗಳೂರಿನಿಂದ ಹೋದ ಕಾಗದಗಳೂ ನಮ್ಮ ಅಟ್ಟದ ಕಿತಾಬುಗಳೂ

ಕ್ರಿ.ಶ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ಪತ್ರ ಬರೆಯಲಾಯಿತು. ಅಶು ಎಂಬ ಸ್ತ್ರೀಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವದು. ಬಿಡುಗಡೆ ಮಾಡಿದವನು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ. ಅವನ ಹುಟ್ಟೂರು ಇಂದಿನ ಟ್ಯುನೀಷಿಯಾದ ಕಡಲತೀರದ ಅಲ್-ಮಹ್ದಿಯ್ಯ. ಏಡನ್ ಬಂದರಿನ ಮೂಲಕ ಮಂಗಳೂರಿಗೆ ಬಂದು, 1149ರಲ್ಲಿ ಏಡನ್‌ಗೆ ಮರಳುವವರೆಗಿನ ಸುಮಾರು 17 ವರ್ಷಗಳಲ್ಲಿ ಹೆಚ್ಚಿನ ಕಾಲವನ್ನು ಅವನು ನಮ್ಮ ಕರಾವಳಿಯಲ್ಲೇ ಕಳೆದನು. ಕರಿಮೆಣಸು, ಏಲಕ್ಕಿ, ಅಡಿಕೆ ಮತ್ತು ಕಬ್ಬಿಣ ಅವನ ವ್ಯಾಪಾರದ ಸರಕುಗಳು. ಏಡನ್‌ನ ಗಿರಾಕಿಗಳು ಕಳುಹಿಸುತ್ತಿದ್ದ ಒಡೆದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಕರಗಿಸಿ ಹೊಸದಾಗಿ ಎರಕಹೊಯ್ಯಿಸುವ ಒಂದು ಕಾರ್ಯಾಗಾರವೂ ಅವನಿಗಿತ್ತು.

ಆ ಕಾಲದ ಮಂಗಳೂರನ್ನು ನಮ್ಮ ಕಣ್ಣೆದುರು ತರುವ ಇಂತಹ ಹಲವಾರು ಕಾಗದಗಳು ಇಂದಿಗೂ ಉಳಿದಿವೆ. ಆದರೆ ಅವು ಉಳಿದಿರುವುದು ಮಂಗಳೂರಿನಲ್ಲಲ್ಲ. ಬಂದರಿನಲ್ಲಾಗಲಿ, ನಮ್ಮ ಯಾವುದೇ ಮನೆಯ ಪೆಟ್ಟಿಗೆಯಲ್ಲಾಗಲಿ ಅವು ದೊರೆಯಲಿಲ್ಲ. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ನ ಒಂದು ಪ್ರಾರ್ಥನಾಲಯದ ಕತ್ತಲ ಕೋಣೆಯಲ್ಲಿ ಅವು ಶತಮಾನಗಳ ಕಾಲ ಬಿದ್ದಿದ್ದವು. ಹಳೆಯ ಬರಹಗಳ ಮಸಿಯನ್ನೂ ಬಣ್ಣವನ್ನೂ ವಿಜ್ಞಾನ ಹೇಗೆ ಓದುತ್ತದೆ ಎಂಬುದನ್ನು ತಿಳಿಯಲು ಈ ಕಾಗದಗಳಿಂದಲೇ ಆರಂಭಿಸುವುದು ಸೂಕ್ತ. ಏಕೆಂದರೆ ಇದು ದೂರದ ಯಾವುದೋ ದೇಶದ ಕಥೆಯಲ್ಲ; ನಮ್ಮ ಊರಿನದೇ ಕಥೆ.

ಗೌರವದಿಂದ ಉಳಿದ ಕಾಗದ

ದೇವನಾಮ ಬರೆದಿರಬಹುದಾದ ಕಾಗದವನ್ನು ಎಲ್ಲೆಂದರಲ್ಲಿ ಎಸೆಯಬಾರದು ಎಂಬುದು ಫುಸ್ತಾತ್‌ನ ಯಹೂದಿ ಸಮುದಾಯದ ನಿಯಮವಾಗಿತ್ತು. ಹಾಗಾಗಿ ಬಳಸಿ ಮುಗಿದ ಗ್ರಂಥ, ಪತ್ರ, ಲೆಕ್ಕದ ಚೀಟಿಗಳನ್ನೆಲ್ಲ ಬೆನ್ ಎಜ್ರಾ ಪ್ರಾರ್ಥನಾಲಯದ ಒಂದು ಕೋಣೆಗೆ ಹಾಕುತ್ತಿದ್ದರು. ಈ ಸಂಗ್ರಹಕ್ಕೆ ಗೆನಿಝಾ ಎಂದು ಹೆಸರು. ಈಜಿಪ್ಟಿನ ಒಣ ಹವೆಯಲ್ಲಿ ಅವು ಕೊಳೆಯಲಿಲ್ಲ. 1896-97ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿದ್ವಾಂಸ ಸೊಲೊಮನ್ ಶೆಕ್ಟರ್ ಅಲ್ಲಿಂದ ಒಯ್ದ ತುಣುಕುಗಳ ಸಂಖ್ಯೆಯೇ ಸುಮಾರು 1,93,000. ಇಪ್ಪತ್ತನೆಯ ಶತಮಾನದಲ್ಲಿ ಎಸ್. ಡಿ. ಗೊಯಿಟೈನ್ ಎಂಬ ವಿದ್ವಾಂಸರು ಇವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಹುಡುಕಿ ಹೊಂದಿಸಿದರು. ಬೆನ್ ಯಿಜು ತನ್ನ ಕೊನೆಗಾಲದಲ್ಲಿ ಈಜಿಪ್ಟಿಗೆ ಹೋಗಿದ್ದರಿಂದ ಅವನ ಕಾಗದಗಳೂ ಆ ಕೋಣೆ ಸೇರಿದ್ದವು.

ಈ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ-ಮಲಯಾಳಂ ಕಿತಾಬುಗಳನ್ನು ಓದಿ ಬೆಳೆದ ಬ್ಯಾರಿ ಕುಟುಂಬಗಳಿಗೆ ಇದು ವಿಚಿತ್ರವೆನಿಸಲಾರದು. ಆಡುವ ಭಾಷೆ ಒಂದು, ಧರ್ಮಗ್ರಂಥದಿಂದ ಕಲಿತ ಲಿಪಿ ಇನ್ನೊಂದು ಎಂಬ ಬದುಕು ನಮಗೂ ಪರಿಚಿತವೇ. ಆ ವ್ಯಾಪಾರದ ಜಗತ್ತಿನಲ್ಲಿ ಮುಸ್ಲಿಂ ನಾಖುದಾಗಳು, ಯಹೂದಿ ವರ್ತಕರು ಮತ್ತು ಈ ನೆಲದ ಹಿಂದೂ ವ್ಯಾಪಾರಿಗಳು ಒಬ್ಬರ ಮಾತನ್ನು ಒಬ್ಬರು ನಂಬಿ ಸರಕು ಸಾಗಿಸುತ್ತಿದ್ದರು. ಬೊಮ್ಮ ಎಂಬ ನಮ್ಮ ಕಡೆಯ ಒಬ್ಬ ದಾಸನು ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನಡೆಸುತ್ತಿದ್ದನು. ಅಲ್ಲಿನ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೂ ಸಲಾಂ ಹೇಳಿ ಬರೆಯುತ್ತಿದ್ದರು. ಲೇಖಕ ಅಮಿತಾವ್ ಘೋಷ್ ಈ ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದಾಗ, ಆ ಹೆಸರಿನ ಮೂಲವನ್ನು ತುಳುನಾಡಿನಲ್ಲಿ ಗುರುತಿಸಲು ನೆರವಾದವರು ಪ್ರೊ. ಬಿ. ಎ. ವಿವೇಕ ರೈ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಂದು ಮಂಗಳೂರಿನಲ್ಲಿ ಕಾಗದ ಸುಲಭವಾಗಿ ಸಿಗುತ್ತಿರಲಿಲ್ಲ. ಇಲ್ಲಿನವರು ತಾಳೆಗರಿಯ ಓಲೆಯ ಮೇಲೆ ಕಂಠದಿಂದ ಕೊರೆದು ಬರೆಯುತ್ತಿದ್ದರು. ಆದುದರಿಂದ ಏಡನ್‌ನ ಮಿತ್ರರು ಬೆನ್ ಯಿಜುವಿಗೆ ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಅವನಾದರೋ ತನಗೆ ಬಂದ ಪತ್ರಗಳ ಖಾಲಿ ಬೆನ್ನಿನ ಮೇಲೂ ಅಂಚಿನ ಮೇಲೂ ಲೆಕ್ಕ ಬರೆದು, ಒಂದು ಚೂರನ್ನೂ ವ್ಯರ್ಥ ಮಾಡುತ್ತಿರಲಿಲ್ಲ. ಒಂದೇ ಹಾಳೆಯಲ್ಲಿ ಎರಡು ಊರು, ಎರಡು ಕೈ, ಎರಡು ಕಾಲ ಸೇರಿರಬಹುದು ಎಂದಾಯಿತು. ಅಕ್ಷರವನ್ನು ಓದುವ ವಿದ್ವಾಂಸನಿಗೆ ಮಸಿಯನ್ನು ಓದುವ ವಿಜ್ಞಾನಿಯ ನೆರವು ಬೇಕಾಗುವುದು ಇಂತಹ ಕಡೆಯಲ್ಲೇ.

ಮಸಿಯಲ್ಲಿ ಮೂರು ಬಗೆ

ಕನ್ನಡದಲ್ಲಿ ‘ಮಸಿ’ ಎಂದರೆ ದೀಪದ ಕಾಡಿಗೆಯೂ ಹೌದು, ಬರೆಯುವ ಶಾಯಿಯೂ ಹೌದು. ಈ ಒಂದು ಪದವೇ ಮೊದಲ ಬಗೆಯ ಮಸಿಯ ಪಾಕವನ್ನು ಹೇಳಿಬಿಡುತ್ತದೆ. ದೀಪದ ಹೊಗೆಯಿಂದ ಸಂಗ್ರಹಿಸಿದ ಕಪ್ಪನ್ನು ಜಾಲಿ ಜಾತಿಯ ಮರದ ಅಂಟಿನಲ್ಲಿ ಅರೆದು, ನೀರು ಬೆರೆಸಿದರೆ ಇಂಗಾಲದ ಮಸಿ ಸಿದ್ಧವಾಗುತ್ತದೆ. ಇದು ಕಾಗದದ ಮೇಲ್ಮೈಯಲ್ಲೇ ಕೂರುತ್ತದೆ. ಎಷ್ಟೇ ವರ್ಷ ಕಳೆದರೂ ಇದರ ಕಪ್ಪು ಮಾಸುವುದಿಲ್ಲ. ಆದರೆ ನೀರು ತಗುಲಿದರೆ ಕದಡಿಹೋಗುತ್ತದೆ, ಒರೆಸಿದರೆ ಅಳಿಯುತ್ತದೆ.

ಎರಡನೆಯದು ಮಾಚಿಕಾಯಿಯ ಮಸಿ. ಓಕ್ ಮರದ ಕೊಂಬೆಗಳಲ್ಲಿ ಕೀಟಗಳು ಮೊಟ್ಟೆಯಿಟ್ಟಾಗ ಗಂಟುಗಳು ಬೆಳೆಯುತ್ತವೆ. ಅವೇ ಮಾಚಿಕಾಯಿಗಳು, ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಇಂದಿಗೂ ಮನೆಮದ್ದಿಗಾಗಿ ಮಾರಲ್ಪಡುತ್ತವೆ. ಅವುಗಳ ಒಗರಿನ ಕಷಾಯಕ್ಕೆ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಹಸಿರು ಲವಣವನ್ನು ಬೆರೆಸಿ ಅಂಟು ಸೇರಿಸಿದರೆ ತೆಳುಬಣ್ಣದ ದ್ರಾವಣ ದೊರೆಯುತ್ತದೆ. ಬರೆದ ನಂತರ ಗಾಳಿ ತಾಗಿದಂತೆ ಅದು ಕಡುಕಪ್ಪಾಗುತ್ತದೆ. ಇದು ಕಾಗದದ ನಾರಿನೊಳಗೆ ಇಳಿಯುವುದರಿಂದ ಒರೆಸಿದರೂ ಪೂರ್ತಿ ಅಳಿಯದು. ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ದೇಶದಲ್ಲಿ ಮಾಚಿಕಾಯಿಯ ಜಾಗದಲ್ಲಿ ಅಳಲೆಕಾಯಿಯನ್ನು ಬಳಸಿ ಇದೇ ಕ್ರಮದಲ್ಲಿ ಮಸಿ ಮಾಡುತ್ತಿದ್ದರು. ಮೂರನೆಯದು ಕಬ್ಬಿಣ ಸೇರಿಸದ, ಬರಿಯ ಮರದ ತೊಗಟೆ ಅಥವಾ ಕಾಯಿಯ ಕಷಾಯದಿಂದ ಮಾಡಿದ ಸಸ್ಯದ ಮಸಿ.

ಅರಬಿ ಭಾಷೆಯಲ್ಲಿ ಮಸಿಗೆ ಎರಡು ಹೆಸರುಗಳಿವೆ: ಮಿದಾದ್ ಮತ್ತು ಹಿಬ್ರ್. ಹಳೆಯ ಬರಹಗಾರರು ಸಾಮಾನ್ಯವಾಗಿ ಇಂಗಾಲದ ಮಸಿಗೆ ಮಿದಾದ್ ಎಂದೂ, ಮಾಚಿಕಾಯಿಯ ಮಸಿಗೆ ಹಿಬ್ರ್ ಎಂದೂ ಹೇಳುತ್ತಿದ್ದರು. ಲೇಖನಿ, ಮಸಿ, ಬಣ್ಣ ಮತ್ತು ರಟ್ಟುಕಟ್ಟುವ ಕಲೆಯ ಬಗ್ಗೆ ‘ಉಮ್ದತುಲ್ ಕುತ್ತಾಬ್’ ಎಂಬ ಪ್ರಸಿದ್ಧ ಅರಬಿ ಗ್ರಂಥವಿದೆ. ಅದರೊಂದಿಗೆ ಜೋಡಿಸಲ್ಪಡುವ ಹೆಸರು ಹನ್ನೊಂದನೆಯ ಶತಮಾನದ ಝೀರಿ ಅರಸ ಅಲ್-ಮುಇಝ್ಝ್ ಇಬ್ನ್ ಬಾದೀಸ್‌ನದು. ಈ ಅರಸ ತನ್ನ ಕೊನೆಯ ವರ್ಷಗಳನ್ನು ಕಳೆದ ರಾಜಧಾನಿ ಅಲ್-ಮಹ್ದಿಯ್ಯ, ಅಂದರೆ ಮಂಗಳೂರಿಗೆ ಬಂದ ಬೆನ್ ಯಿಜುವಿನ ಹುಟ್ಟೂರು. ಮಸಿ ಮಾಡುವುದು ಅಂದು ಕೇವಲ ಗುಮಾಸ್ತರ ಕೆಲಸವಾಗಿರದೆ, ಅರಮನೆಯೂ ಗೌರವಿಸಿದ ವಿದ್ಯೆಯಾಗಿತ್ತು ಎಂಬುದಕ್ಕೆ ಈ ಗ್ರಂಥವೇ ಸಾಕ್ಷಿ. ಲೇಖನಿಯ ಹೆಸರಿನಿಂದಲೇ ಒಂದು ಸೂರಾ ಇರುವ, ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್-ಬಕರಾದ 282ನೆಯ ಸೂಕ್ತದಲ್ಲಿ ವಿವರವಾಗಿ ಆದೇಶಿಸುವ ಕುರ್‌ಆನ್‌ನ ಅನುಯಾಯಿಗಳು ಬರವಣಿಗೆಯ ಸಾಮಗ್ರಿಗೆ ಇಷ್ಟು ಗಮನ ಕೊಟ್ಟುದು ಆಶ್ಚರ್ಯವಲ್ಲ.

ಬೆಳಕಿನಿಂದ ನಡೆಯುವ ವಿಚಾರಣೆ

ಬರಿಗಣ್ಣಿಗೆ ಈ ಮೂರೂ ಮಸಿಗಳು ಒಂದೇ ತೆರನಾಗಿ ಕಂದಾಗಿಯೋ ಕಪ್ಪಾಗಿಯೋ ಕಾಣಬಹುದು. ಹಿಂದೆ ಪರೀಕ್ಷೆ ನಡೆಸಬೇಕಾದರೆ ಹಾಳೆಯ ಒಂದು ಚೂರನ್ನು ಕತ್ತರಿಸಿ ರಾಸಾಯನಿಕದಲ್ಲಿ ಕರಗಿಸಬೇಕಿತ್ತು. ಪವಿತ್ರ ಗ್ರಂಥಕ್ಕೆ ಹಾಗೆ ಮಾಡಲು ಯಾರು ತಾನೇ ಒಪ್ಪಿಯಾರು? ಇಂದು ಹಾಳೆಯನ್ನು ಕತ್ತರಿಸದೆ, ಬೆಳಕಿನಿಂದಲೇ ವಿಚಾರಣೆ ನಡೆಸಬಹುದು.

ನಮ್ಮ ಕಣ್ಣಿಗೆ ಕಾಣುವ ಕೆಂಪಿನ ಆಚೆಗಿನ ಬೆಳಕಿಗೆ ಅವಕೆಂಪು ಎಂದು ಹೆಸರು. ಆ ಬೆಳಕಿನಲ್ಲಿ ಛಾಯಾಚಿತ್ರ ತೆಗೆದಾಗ ಇಂಗಾಲದ ಮಸಿ ಮೊದಲಿನಂತೆಯೇ ಕಡುಕಪ್ಪಾಗಿ ಉಳಿಯುತ್ತದೆ. ಮಾಚಿಕಾಯಿಯ ಮಸಿ ಮೆಲ್ಲಮೆಲ್ಲನೆ ಮಸುಕಾಗಿ, ಬೆಳಕಿನ ತರಂಗ ಸುಮಾರು 1,400 ನ್ಯಾನೋಮೀಟರ್ ತಲುಪುವಷ್ಟರಲ್ಲಿ ಕಾಣದಾಗುತ್ತದೆ. ಸಸ್ಯದ ಮಸಿಯಾದರೆ ಅದಕ್ಕೂ ಬಹಳ ಮೊದಲೇ, ಸುಮಾರು 750 ನ್ಯಾನೋಮೀಟರ್ ದಾಟುತ್ತಲೇ ಮರೆಯಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸೂಕ್ಷ್ಮದರ್ಶಕವೊಂದನ್ನು ಗಣಕಯಂತ್ರಕ್ಕೆ ಜೋಡಿಸಿ, ಈ ಮೊದಲ ಹಂತದ ಪರೀಕ್ಷೆಯನ್ನು ಗ್ರಂಥಾಲಯದ ಮೇಜಿನ ಮೇಲೆಯೇ ಮಾಡಬಹುದು.

ಮುಂದಿನ ಹಂತ ಎಕ್ಸ್-ಕಿರಣದ ಪರೀಕ್ಷೆ. ಬರಹದ ಮೇಲೆ ಎಕ್ಸ್-ಕಿರಣವನ್ನು ಹಾಯಿಸಿದಾಗ ಅದರಲ್ಲಿರುವ ಪ್ರತಿಯೊಂದು ಲೋಹವೂ ತನ್ನದೇ ಆದ ಕಿರಣವನ್ನು ಮರಳಿ ಸೂಸುತ್ತದೆ. ಅದನ್ನು ಅಳೆದರೆ ಮಸಿಯಲ್ಲಿ ಯಾವ ಯಾವ ಲೋಹಗಳಿವೆ ಎಂಬುದು ತಿಳಿಯುತ್ತದೆ. ಗಣಿಯಿಂದ ಬಂದ ಅನ್ನಭೇದಿ ಎಂದೂ ಶುದ್ಧವಾಗಿರುವುದಿಲ್ಲ. ಅದರಲ್ಲಿ ತಾಮ್ರ, ಸತು, ಮ್ಯಾಂಗನೀಸ್‌ಗಳ ಬೆರಕೆ ಇದ್ದೇ ಇರುತ್ತದೆ. ಕಬ್ಬಿಣಕ್ಕೆ ಹೋಲಿಸಿ ಈ ಬೆರಕೆಗಳ ಪ್ರಮಾಣವನ್ನು ಲೆಕ್ಕಹಾಕಿದಾಗ ಆ ಮಸಿಗೆ ಬೆರಳಚ್ಚಿನಂತಹ ಒಂದು ಗುರುತು ಸಿಗುತ್ತದೆ. ಪುಟದ ಮೂಲ ಬರಹವೂ ಅಂಚಿನ ಟಿಪ್ಪಣಿಯೂ ಒಂದೇ ಮಸಿಯವೇ, ಸಹಿಯನ್ನು ಆಮೇಲೆ ಸೇರಿಸಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಈ ಗುರುತು ನೆರವಾಗುತ್ತದೆ.

ಬಣ್ಣಗಳ ವಿಷಯದಲ್ಲೂ ಹೀಗೆಯೇ. ಆರಂಭಕಾಲದ ಮುಸ್ಹಫ್‌ಗಳಲ್ಲಿ ಸ್ವರಚಿಹ್ನೆಗಳನ್ನು ಕೆಂಪು ಚುಕ್ಕೆಗಳಿಂದ ಗುರುತಿಸುತ್ತಿದ್ದರು. ಎಕ್ಸ್-ಕಿರಣದಲ್ಲಿ ಪಾದರಸ ಕಂಡರೆ ಆ ಕೆಂಪು ಇಂಗಳೀಕದ್ದು. ಸೀಸ ಕಂಡರೆ ಸಿಂಧೂರದ್ದು. ಹಳದಿಯಲ್ಲಿ ಆರ್ಸೆನಿಕ್ ಇದ್ದರೆ ಹರಿತಾಳ. ಹಸಿರಿನಲ್ಲಿ ತಾಮ್ರವಿದ್ದರೆ ತಾಮ್ರದ ಕಿಲುಬಿನಿಂದ ಮಾಡಿದ ಬಣ್ಣವಿರಬಹುದು. ನೀಲಿ ಬಣ್ಣ ನೀಲಿಗಿಡದ್ದೋ ಅಥವಾ ಅಫ್ಘಾನಿಸ್ತಾನದ ಬದಖ್‌ಶಾನಿನ ನೀಲಕಲ್ಲಿನದ್ದೋ ಎಂಬುದನ್ನು ಬೇರೆ ಪರೀಕ್ಷೆಗಳಿಂದ ತಿಳಿಯಬಹುದು. ಹೀಗೆ ಒಂದು ಪುಟದ ಬಣ್ಣವು ಹಡಗುಗಳೂ ಒಂಟೆಗಳ ಸಾಲುಗಳೂ ಸಾಗಿದ ದಾರಿಯನ್ನು ತೋರಿಸುತ್ತದೆ.

ಮಂಗಳೂರಿನ ಪತ್ರಗಳು ದೊರೆತ ಅದೇ ಗೆನಿಝಾದ ಕಾಗದಗಳ ಮೇಲೆ ಇಂತಹ ಪರೀಕ್ಷೆಗಳು ನಡೆದಿವೆ. ಝೀನಾ ಕೋಹೆನ್, ಬರ್ಲಿನ್ ನಗರದಲ್ಲಿರುವ ಜರ್ಮನಿಯ ಸರಕಾರಿ ವಸ್ತುಪರೀಕ್ಷಾ ಸಂಸ್ಥೆಯ ಇರಾ ರಾಬಿನ್ ಮೊದಲಾದ ಸಂಶೋಧಕರು ಅವಕೆಂಪು ಬೆಳಕಿನಿಂದಲೂ ಎಕ್ಸ್-ಕಿರಣದಿಂದಲೂ ಗೆನಿಝಾದ ಬರಹಗಳನ್ನು ಪರೀಕ್ಷಿಸಿದರು. ಇಂಗಾಲದ ಮಸಿ, ಮಾಚಿಕಾಯಿಯ ಮಸಿ, ಸಸ್ಯದ ಮಸಿಗಳ ಜೊತೆಗೆ ಇವುಗಳನ್ನು ಬೆರೆಸಿ ಮಾಡಿದ ಮಸಿಗಳೂ ಅಲ್ಲಿ ದೊರೆತವು. ಇಂತಹ ಪಾಕವನ್ನು ಇಂತಹ ಕಾಲದಲ್ಲಿ ಮಾತ್ರ ಬಳಸುತ್ತಿದ್ದರು ಎಂಬ ಸರಳ ತೀರ್ಮಾನಗಳನ್ನು ಇಂತಹ ಫಲಿತಾಂಶಗಳು ಪ್ರಶ್ನಿಸುತ್ತವೆ. ಲಿಪಿಕಾರನು ತನ್ನ ಕೈಗೆ ಸಿಕ್ಕಿದ್ದರಲ್ಲಿ, ತನ್ನ ಕೆಲಸಕ್ಕೆ ಒಪ್ಪುವ ಮಸಿಯನ್ನು ಮಾಡಿಕೊಳ್ಳುತ್ತಿದ್ದನು.

ಅಳಿಸಿದರೂ ಉಳಿದ ಅಕ್ಷರ

ಗೆನಿಝಾದಂತಹ ಇನ್ನೊಂದು ಘಟನೆ ಮುಸ್ಲಿಂ ಜಗತ್ತಿನಲ್ಲೇ ನಡೆದಿದೆ. 1972ರಲ್ಲಿ ಯಮನ್‌ನ ಸನ್‌ಆ ನಗರದ ದೊಡ್ಡ ಮಸೀದಿಯ ದುರಸ್ತಿ ನಡೆಯುತ್ತಿದ್ದಾಗ, ಛಾವಣಿಯ ಭಾಗದಲ್ಲಿ ಸಾವಿರಾರು ಹಳೆಯ ಚರ್ಮಪತ್ರದ ತುಣುಕುಗಳು ಕಂಡುಬಂದವು. ಓದಿ ಓದಿ ಸವೆದುಹೋದ ಮುಸ್ಹಫ್‌ಗಳನ್ನು ಯಾರ ಕಾಲಿಗೂ ಸಿಗದಂತೆ ಹಿಂದಿನವರು ಅಲ್ಲಿ ಎತ್ತಿಟ್ಟಿದ್ದರು. ಆ ಎತ್ತಿಟ್ಟ ಗೌರವವೇ ಇಸ್ಲಾಮೀ ಇತಿಹಾಸದ ಅಮೂಲ್ಯ ನಿಧಿಯೊಂದನ್ನು ಕಾಪಾಡಿತು.

ಅವುಗಳಲ್ಲಿ ಒಂದು ಪ್ರತಿಯ ಹಾಳೆಗಳಲ್ಲಿ ಎರಡು ಪದರ ಬರಹವಿದೆ. ಚರ್ಮಪತ್ರ ದುಬಾರಿಯಾದುದರಿಂದ, ಮೊದಲ ಬರಹವನ್ನು ಅಳಿಸಿ ಅದೇ ಹಾಳೆಯ ಮೇಲೆ ಮತ್ತೆ ಕುರ್‌ಆನನ್ನು ಬರೆಯಲಾಗಿದೆ. ಆದರೆ ಚರ್ಮದೊಳಗೆ ಇಳಿದಿದ್ದ ಹಳೆಯ ಮಸಿಯ ಲೋಹದ ಅಂಶ ಅಲ್ಲಿಯೇ ಉಳಿದಿತ್ತು. ಕಾಲಕ್ರಮದಲ್ಲಿ ಅದು ತೆಳುಕಂದು ನೆರಳಾಗಿ ಮತ್ತೆ ಮೇಲೆದ್ದಿತು. ಅತಿನೇರಳೆ ಬೆಳಕಿನಲ್ಲಿ ಆ ನೆರಳು ಇನ್ನಷ್ಟು ಸ್ಪಷ್ಟವಾಯಿತು. ಈ ಪ್ರತಿಯ ಒಂದು ಹಾಳೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಬಲ ಎಕ್ಸ್-ಕಿರಣದಿಂದ ಚಿತ್ರಿಸಿದಾಗ, ಅಳಿಸಿದ ಅಕ್ಷರಗಳು ಅವುಗಳಲ್ಲಿ ಉಳಿದ ಲೋಹದಿಂದಲೇ ಓದಲು ಸಿಕ್ಕವು. ಕೆಳಪದರದಲ್ಲಿ ಕೆಲವು ಪದಗಳ ಮತ್ತು ಸೂರಾಗಳ ಅನುಕ್ರಮದ ವ್ಯತ್ಯಾಸಗಳಿವೆ. ಇದನ್ನು ಕೇಳಿ ಗಾಬರಿಪಡುವವರೂ ಇದ್ದಾರೆ, ಇದನ್ನೇ ಹಿಡಿದು ಅಬ್ಬರಿಸುವವರೂ ಇದ್ದಾರೆ. ಆದರೆ ಉಸ್ಮಾನ್(ರ) ಅವರ ಕಾಲದಲ್ಲಿ ಒಂದೇ ಪಾಠವನ್ನು ಎಲ್ಲೆಡೆಗೆ ಕಳುಹಿಸುವ ಮುನ್ನ ಕೆಲವು ಸಹಾಬಿಗಳ ಬಳಿ ಅವರವರದೇ ಪ್ರತಿಗಳಿದ್ದವು, ಅವುಗಳಲ್ಲಿ ಇಂತಹ ವ್ಯತ್ಯಾಸಗಳಿದ್ದವು ಎಂಬುದನ್ನು ನಮ್ಮ ಪ್ರಾಚೀನ ವಿದ್ವಾಂಸರೇ ಬಚ್ಚಿಡದೆ ದಾಖಲಿಸಿದ್ದಾರೆ. ಸಂಶೋಧಕರು ಈ ಹಾಳೆಗಳನ್ನು ಆ ವರದಿಗಳ ಜೊತೆಗಿಟ್ಟು ಹೋಲಿಸುತ್ತಿದ್ದಾರೆ. ಮೇಲಿನ ಪದರದಲ್ಲಿರುವುದು ನಾವೆಲ್ಲರೂ ಓದುವ ಉಸ್ಮಾನೀ ಪಾಠವೇ.

ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

2015ರ ಜುಲೈ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ನಮ್ಮ ಅನೇಕರ ಮೊಬೈಲ್‌ಗಳಲ್ಲಿ ಹರಿದಾಡಿದ್ದು ನೆನಪಿರಬಹುದು. ಅಲ್ಲಿನ ಸಂಗ್ರಹದಲ್ಲಿದ್ದ ಕುರ್‌ಆನ್‌ನ ಎರಡು ಹಾಳೆಗಳ ಚರ್ಮವು ಕ್ರಿ.ಶ. 568 ಮತ್ತು 645ರ ನಡುವಿನದು ಎಂದು ಇಂಗಾಲ-14ರ ಪರೀಕ್ಷೆ ತಿಳಿಸಿತು. ಈ ಅವಧಿಯೊಳಗೆ ಬೀಳುವ ಸಂಭವನೀಯತೆ ಶೇಕಡಾ 95.4. ಪ್ರವಾದಿ ಮುಹಮ್ಮದ್(ಸ) ಅವರು 632ರಲ್ಲಿ ಇಹಲೋಕ ತ್ಯಜಿಸಿದರು. ಹಾಗಾಗಿ ಈ ಹಾಳೆಗಳು ಅವರ ಕಾಲಕ್ಕೆ ಅತ್ಯಂತ ಸಮೀಪದವು ಎಂಬ ಸಂತೋಷ ಸಹಜವೇ.

ಆದರೆ ಸುದ್ದಿಯನ್ನು ಹಂಚಿದವರಲ್ಲಿ ಹೆಚ್ಚಿನವರು ಒಂದು ಮಾತನ್ನು ಗಮನಿಸಲಿಲ್ಲ. ಆ ಪರೀಕ್ಷೆ ಅಳೆದದ್ದು ಚರ್ಮದ ವಯಸ್ಸನ್ನು. ಅಂದರೆ ಆ ಪ್ರಾಣಿ ಬದುಕಿದ್ದ ಕಾಲವನ್ನು. ಅಕ್ಷರ ಬರೆದ ದಿನವನ್ನು ಅದು ಅಳೆದಿಲ್ಲ. ಚರ್ಮ ಹದಮಾಡಿ ತಕ್ಷಣ ಬರೆದಿರಬಹುದು; ಕೆಲವು ಕಾಲ ಇಟ್ಟು ಬರೆದಿರಲೂಬಹುದು. ಹಾಗೆಯೇ ಎಕ್ಸ್-ಕಿರಣದ ಪರೀಕ್ಷೆ ಮಸಿಯಲ್ಲಿ ಕಬ್ಬಿಣವಿದೆ ಎಂದು ಹೇಳುತ್ತದೆಯೇ ಹೊರತು, ಆ ಮಸಿಯನ್ನು ಇಂತಹ ವರ್ಷದಲ್ಲಿ ಅರೆದರು ಎಂದು ಹೇಳುವುದಿಲ್ಲ. ಚರ್ಮದ ವಯಸ್ಸು, ಮಸಿಯ ಪಾಕ, ಅಕ್ಷರದ ಶೈಲಿ, ಪುಟದ ವಿನ್ಯಾಸ ಇವೆಲ್ಲ ಬೇರೆ ಬೇರೆ ಸಾಕ್ಷಿಗಳು. ಪ್ರತಿಯೊಬ್ಬ ಸಾಕ್ಷಿಯೂ ತಾನು ಕಂಡದ್ದನ್ನು ಮಾತ್ರ ಹೇಳುತ್ತಾನೆ. ಅವರೆಲ್ಲರನ್ನೂ ಕೇಳಿದ ಮೇಲೆಯೇ ತೀರ್ಪು.

ಒಂದೇ ಸಾಕ್ಷಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ‘ವಿನ್‌ಲ್ಯಾಂಡ್ ನಕ್ಷೆ’ ಪಾಠವಾಗಿದೆ. ಕೊಲಂಬಸನಿಗಿಂತ ಮೊದಲೇ ಅಮೆರಿಕದ ತೀರವನ್ನು ತೋರಿಸುವ ಹದಿನೈದನೆಯ ಶತಮಾನದ ನಕ್ಷೆಯೆಂದು 1965ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಲಾಯಿತು. ಚರ್ಮ ನಿಜಕ್ಕೂ ಹದಿನೈದನೆಯ ಶತಮಾನದ್ದೇ ಆಗಿತ್ತು. ಆದರೆ ಮಸಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಟೈಟಾನಿಯಂ ಸಂಯುಕ್ತ ಕಂಡಿತು. ಆ ರೂಪದ ಟೈಟಾನಿಯಂ ಬಣ್ಣಗಳಲ್ಲಿ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಹಳೆಯ ಚರ್ಮದ ಮೇಲೆ ಹೊಸ ಕೈವಾಡ! 2021ರಲ್ಲಿ ಯೇಲ್ ವಿಶ್ವವಿದ್ಯಾಲಯವೇ ಅದು ನಕಲಿ ಎಂದು ಘೋಷಿಸಿತು. ತನ್ನ ಬಳಿಯಿದ್ದ ಪ್ರಸಿದ್ಧ ವಸ್ತುವನ್ನು ತಾನೇ ಸುಳ್ಳೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಸಣ್ಣದಲ್ಲ.

ಸುದ್ದಿ ಬಂದಾಗ ಅದನ್ನು ಪರಿಶೀಲಿಸಬೇಕೆಂಬ ಬೋಧನೆ ಸೂರಾ ಅಲ್-ಹುಜುರಾತ್‌ನ ಆರನೆಯ ಸೂಕ್ತದಲ್ಲಿದೆ. ಹದೀಸ್ ವಿದ್ವಾಂಸರು ಒಂದೊಂದು ವರದಿಯ ಹಿಂದಿನ ವ್ಯಕ್ತಿಗಳ ಸರಪಳಿಯನ್ನು ಪರೀಕ್ಷಿಸಿ ಸ್ವೀಕರಿಸುವ ಅಥವಾ ಬಿಡುವ ಶಾಸ್ತ್ರವನ್ನೇ ಕಟ್ಟಿದರು. ಅಂತಹ ಪರಂಪರೆಯವರಾದ ನಾವು, ನಮಗೆ ಹಿತವಾದ ಸುದ್ದಿಯೆಂಬ ಕಾರಣಕ್ಕೆ ಪರೀಕ್ಷೆ ಹೇಳದ ಮಾತನ್ನು ಪರೀಕ್ಷೆಯ ಬಾಯಿಗೆ ತುರುಕುವುದು ಸರಿಯಲ್ಲ. ನಮ್ಮ ವಿಶ್ವಾಸ ಪ್ರಯೋಗಾಲಯದ ಚೀಟಿಯನ್ನು ಕಾಯುತ್ತಾ ಕುಳಿತಿಲ್ಲ. ಇತಿಹಾಸಕ್ಕಾದರೋ ಆ ಚೀಟಿಯನ್ನು ಇದ್ದಂತೆಯೇ ಓದುವ ಹಕ್ಕಿದೆ.

ನಮ್ಮ ಅಟ್ಟದ ಮೇಲಿರುವುದು

ಇನ್ನು ನಮ್ಮ ಮನೆಗೆ ಬರೋಣ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತಾ, ಇಲ್ಲಿ ಸುಮಾರು 4,000 ಮುಸ್ಲಿಮರ ಒಂದು ವಸತಿ ಇದೆಯೆಂದೂ, ಶಾಫಿಈ ಮದ್ಸ್‌ಹಬಿನ ಬದ್ರುದ್ದೀನ್ ಅಲ್-ಮಅಬರಿ ಎಂಬ ಖಾಝಿ ವಿದ್ಯೆ ಕಲಿಸುತ್ತಿದ್ದಾರೆಂದೂ ಬರೆದಿದ್ದಾನೆ. ವಿದ್ಯೆ ಕಲಿಸುವಲ್ಲಿ ಕಿತಾಬುಗಳಿದ್ದವು, ಕಿತಾಬು ಇದ್ದಲ್ಲಿ ಮಸಿಕುಡಿಕೆಯೂ ಇತ್ತು. ಅಂದಿನಿಂದ ಇಂದಿನವರೆಗೆ ಈ ಊರಿನಲ್ಲಿ ಎಷ್ಟು ಕೈಗಳು ಎಷ್ಟು ಪುಟಗಳನ್ನು ಬರೆದಿರಬಹುದು! ಆದರೆ ಹನ್ನೆರಡನೆಯ ಶತಮಾನದ ಮಂಗಳೂರನ್ನು ತಿಳಿಯಲು ನಾವು ಕೈರೋದ ಕಾಗದಗಳನ್ನು ಕೇಳಬೇಕಾಗಿದೆ.

ಇದಕ್ಕೆ ಹವೆಯೂ ಒಂದು ಕಾರಣ. ಈಜಿಪ್ಟಿನ ಒಣಗಾಳಿ ನಮಗಿಲ್ಲ. ನಮಗಿರುವುದು ನಾಲ್ಕು ತಿಂಗಳ ಮಳೆ ಮತ್ತು ಉಳಿದ ಕಾಲದಲ್ಲೂ ಕಡಲ ಗಾಳಿಯ ತೇವ. ಮಾಚಿಕಾಯಿ ಅಥವಾ ಅಳಲೆಕಾಯಿಯ ಮಸಿಯಲ್ಲಿ ಆಮ್ಲವೂ ಹೆಚ್ಚುವರಿ ಕಬ್ಬಿಣವೂ ಇರುತ್ತವೆ. ತೇವ ತಾಗಿದಾಗಲೆಲ್ಲ ಅವು ಕಾಗದದ ನಾರನ್ನು ತಿನ್ನುತ್ತವೆ. ಮೊದಲು ಅಕ್ಷರದ ಸುತ್ತ ಕಂದು ಕಲೆ ಹಬ್ಬುತ್ತದೆ, ಆಮೇಲೆ ಪುಟದ ಹಿಂಬದಿಯಲ್ಲಿ ಅಕ್ಷರ ಮೂಡುತ್ತದೆ, ಕೊನೆಗೆ ಅಕ್ಷರವಿದ್ದ ಜಾಗದಲ್ಲಿ ತೂತು ಮಾತ್ರ ಉಳಿಯುತ್ತದೆ. ಬರೆದ ಮಸಿಯೇ ಬರಹವನ್ನು ನುಂಗುವ ಪರಿಯಿದು. ಇದರ ಜೊತೆಗೆ ಗೆದ್ದಲು, ಬೂಷ್ಟು, ಬೆಳ್ಳಿಹುಳು.

ಆದರೆ ಎಲ್ಲ ದೋಷವನ್ನೂ ಮಳೆಯ ಮೇಲೆ ಹೊರಿಸುವಂತಿಲ್ಲ. ರಮಝಾನ್‌ಗೆ ಮುನ್ನ ಮನೆ ಶುಚಿಗೊಳಿಸುವಾಗ, ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ, ಆಸ್ತಿ ಪಾಲಾಗುವಾಗ ಅಟ್ಟದಿಂದ ಇಳಿದ ಪೆಟ್ಟಿಗೆಗಳ ಗತಿ ಏನಾಯಿತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಕೈಬರಹದ ಮುಸ್ಹಫ್, ಮೌಲೂದ್ ಕಿತಾಬು, ತಲಶ್ಶೇರಿ ಅಥವಾ ಪೊನ್ನಾನಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಅರಬಿ-ಮಲಯಾಳಂ ಪುಸ್ತಕ, ಹಡಗಿನ ಸರಕಿನ ಲೆಕ್ಕ, ಮಹರ್ ಬರೆದಿಟ್ಟ ಚೀಟಿ, ಅಜ್ಜ ಊರಿನ ಖಾಝಿಗೆ ಬರೆದ ಕಾಗದ ಇವೆಲ್ಲ ಆ ಪೆಟ್ಟಿಗೆಗಳಲ್ಲಿ ಇರುತ್ತಿದ್ದವು. ‘ಯಾರಿಗೂ ಓದಲು ಬಾರದು’ ಎಂಬ ಒಂದೇ ಕಾರಣಕ್ಕೆ ಅವನ್ನು ಕೈಬಿಟ್ಟವರು ಉಂಟು.

ಸವೆದ ಮುಸ್ಹಫ್‌ಗೆ ಅಗೌರವ ಆಗಬಾರದೆಂದು ಅದನ್ನು ಶುದ್ಧ ಸ್ಥಳದಲ್ಲಿ ಹೂಳುವ ಅಥವಾ ಗೌರವದಿಂದ ಸುಡುವ ಕ್ರಮವನ್ನು ನಮ್ಮ ವಿದ್ವಾಂಸರು ಹೇಳಿದ್ದಾರೆ. ಮುದ್ರಿತ ಪ್ರತಿಗಳಿಗೆ ಆ ಕ್ರಮ ಯೋಗ್ಯವೇ. ಆದರೆ ಕೈಬರಹದ ಹಳೆಯ ಪ್ರತಿ ಕೈಗೆ ಬಂದಾಗ, ಮಣ್ಣಿಗಾಗಲಿ ಬೆಂಕಿಗಾಗಲಿ ಒಪ್ಪಿಸುವ ಮೊದಲು ಒಮ್ಮೆ ನಿಲ್ಲಬೇಕು. ಸನ್‌ಆದ ಹಿರಿಯರು ಛಾವಣಿಯಲ್ಲಿ ಎತ್ತಿಟ್ಟುದೂ ಗೌರವವೇ ಆಗಿತ್ತು. ಆ ಗೌರವದಿಂದ ಜ್ಞಾನವೂ ಉಳಿಯಿತು.

ಮನೆಯಲ್ಲಿ ಮಾಡಬಹುದಾದ ಕೆಲಸಗಳು ಕಷ್ಟದವೇನಲ್ಲ. ಮಾಸಿದ ಅಕ್ಷರದ ಮೇಲೆ ಹೊಸ ಪೆನ್ನಿನಿಂದ ತಿದ್ದಿ ಬರೆಯಬೇಡಿ. ಹಾಗೆ ಮಾಡಿದರೆ ಹಳೆಯ ಮಸಿಯ ಸಾಕ್ಷ್ಯ ಕೆಟ್ಟುಹೋಗುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಲಿಗೆ ಹರಡಿ ಒಣಗಿಸಬೇಡಿ. ತಾಳೆಗರಿಗೆ ಎಣ್ಣೆ ಹಚ್ಚುವುದನ್ನು ಕಂಡು ಕಾಗದಕ್ಕೂ ಹಚ್ಚಬೇಡಿ. ಒಗೆದು ಒಣಗಿಸಿದ, ಗಂಜಿ ಹಾಕದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಪಾಟಿನಲ್ಲಿಡಿ. ಪ್ರತಿಯೊಂದು ಪುಟವನ್ನೂ ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಬರಹವಿಲ್ಲದ ಅಂಚು, ರಟ್ಟು, ಹೊದಿಕೆ ಬಟ್ಟೆ ಯಾವುದನ್ನೂ ಬಿಡಬೇಡಿ. ಇದು ಯಾರದ್ದು, ಯಾರಿಂದ ಬಂತು, ಯಾವ ಊರಿನದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬೇರೊಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಹಿರಿಯರು ಹೋದ ಮೇಲೆ ಈ ಮಾಹಿತಿಯನ್ನು ಯಾವ ಎಕ್ಸ್-ಕಿರಣವೂ ಕೊಡಲಾರದು.

ಇದರ ಮೇಲೆ ಬಲ್ಲ ಉಸ್ತಾದರಿಗೋ ವಿಶ್ವವಿದ್ಯಾಲಯದ ಅಧ್ಯಾಪಕರಿಗೋ ತೋರಿಸಿ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 75 ವರ್ಷಕ್ಕಿಂತ ಹಳೆಯದಾದ, ವೈಜ್ಞಾನಿಕ, ಐತಿಹಾಸಿಕ ಅಥವಾ ಸೌಂದರ್ಯಾತ್ಮಕ ಮೌಲ್ಯವುಳ್ಳ ಕೈಬರಹವನ್ನು ಹಸ್ತಪ್ರತಿಯೆಂದು ಪರಿಗಣಿಸಿ ಪಟ್ಟಿಮಾಡುವ ಕೆಲಸವನ್ನು ಕೈಗೊಂಡಿತು. ಅಂದರೆ ನಮ್ಮ ಅಜ್ಜಂದಿರ ಯೌವನಕಾಲದ ಕಿತಾಬೂ ಈ ಲೆಕ್ಕದಲ್ಲಿ ಬರಬಹುದು. ಪಟ್ಟಿಮಾಡಿಸುವುದೆಂದರೆ ಕೈಬಿಡುವುದೆಂದಲ್ಲ, ಪ್ರತಿ ನಮ್ಮ ಮನೆಯಲ್ಲೇ ಇರಬಹುದು. ಜಮಾಅತ್‌ನ ಹಂತದಲ್ಲಿ ಒಂದು ಸಣ್ಣ ಪಟ್ಟಿ ಮಾಡಿದರೂ ಅದೊಂದು ದೊಡ್ಡ ಆರಂಭ.

ಒಂಬತ್ತು ಶತಮಾನಗಳ ಹಿಂದೆ ಮಂಗಳೂರಿನಲ್ಲಿ ಕಾಗದ ಅಪರೂಪವಾಗಿತ್ತು. ಆದುದರಿಂದ ಒಬ್ಬ ವರ್ತಕ ಪತ್ರದ ಬೆನ್ನಿನ ಮೇಲೂ ಬರೆದು ಅದನ್ನು ಕಾಪಾಡಿದನು. ಅಶು ಎಂಬ ಹೆಣ್ಣಿನ ಬಿಡುಗಡೆಯ ದಿನಾಂಕ ನಮಗೆ ಗೊತ್ತಿರುವುದು ಆ ಕಾಗದ ಉಳಿದುದರಿಂದ. ಅಂದಿನ ಈ ಊರಿನಲ್ಲಿ ಬಾಳಿ ಅಳಿದ ಇನ್ನೆಷ್ಟೋ ಮಂದಿಯ ಹೆಸರೂ ನಮಗೆ ತಿಳಿಯದಿರುವುದು ಅವರ ಕಾಗದ ಉಳಿಯದುದರಿಂದ. ಮಸಿಯನ್ನು ಮಾತನಾಡಿಸಬಲ್ಲ ಉಪಕರಣಗಳು ಇಂದು ಜಗತ್ತಿನಲ್ಲಿವೆ. ಅವುಗಳ ಮುಂದೆ ಇಡಲು ಒಂದು ಪುಟವನ್ನು ಉಳಿಸಿಕೊಡುವುದು ಮಾತ್ರ ನಮ್ಮ ಪಾಲಿನ ಹೊಣೆ. ಮುಂದಿನ ಬಾರಿ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದಾಗ, ಅದನ್ನು ಮಕ್ಕಳನ್ನು ಕೂರಿಸಿಕೊಂಡು ತೆರೆಯೋಣ. ಆ ಹೊಣೆಯನ್ನು ನಿರ್ವಹಿಸಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ.